ಬೆಂಗಳೂರಿನ ಎಳೆಗೂಸುಗಳ ವೈರಸ್ಸಿನ ಜಾಡು ಹಿಡಿದು

ಶಿಶುಗಳ ವಾಂತಿಭೇದಿಗೆ ಕಾರಣವಾಗುವ ವೈರಸ್ಸುಗಳ ಚರಿತ್ರೆ ಹುಡುಕುವವರು ಸಾಮಾನ್ಯವಾಗಿ ಕಾಯಿಲೆ ಬಿದ್ದ ಮಕ್ಕಳಿಂದ ಶುರುಮಾಡುತ್ತಾರೆ. ನಾನು ಶುರುಮಾಡಿದ್ದು ಕಾಯಿಲೆ ಬೀಳದ ಮಕ್ಕಳಿಂದ. 1992ರ 'ಆರ್ಕೈವ್ಸ್ ಆಫ್ ವೈರಾಲಜಿ' ಪತ್ರಿಕೆಯ 126ನೇ ಸಂಪುಟದಲ್ಲಿ ಬೆಂಗಳೂರಿನಿಂದ ಹೋದ ಒಂದು ಪ್ರಬಂಧವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸಿ. ದುರ್ಗಾ ರಾವ್ ಮತ್ತು ಸಂಗಡಿಗರದು. ಬೆಂಗಳೂರಿನ ಆಸ್ಪತ್ರೆಗಳಲ್ಲಿ ಹುಟ್ಟಿದ ನವಜಾತ ಶಿಶುಗಳ ಮಲದಲ್ಲಿ ಅವರಿಗೆ ರೋಟಾವೈರಸ್ ಸಿಕ್ಕಿತ್ತು. ಆದರೆ ಆ ಕೂಸುಗಳಿಗೆ ಭೇದಿ ಇರಲಿಲ್ಲ, ವಾಂತಿ ಇರಲಿಲ್ಲ. ಹಾಲು ಕುಡಿದು ನಿದ್ದೆ ಮಾಡುತ್ತಿದ್ದವು.

ಇದು ಎಂಥ ವೈರಸ್ ಎಂದು ನೆನಪಿಸಿಕೊಂಡರೆ ಆ ಮಾತಿನ ತೂಕ ತಿಳಿಯುತ್ತದೆ. ಆರು ತಿಂಗಳಿಂದ ಎರಡು ವರ್ಷದೊಳಗಿನ ಮಗುವಿಗೆ ಇದು ತಗುಲಿದರೆ ಮೊದಲು ವಾಂತಿ, ಹಿಂದೆಯೇ ಜ್ವರ, ಆಮೇಲೆ ನೀರಿನಂಥ ಭೇದಿ. ಒಂದೆರಡು ದಿನದಲ್ಲಿ ಕಣ್ಣು ಗುಳಿಬೀಳುತ್ತದೆ, ನೆತ್ತಿ ಒಳಗಿಳಿಯುತ್ತದೆ, ಅತ್ತರೆ ಕಣ್ಣೀರು ಬರುವುದಿಲ್ಲ. ಲಸಿಕೆ ಬರುವ ಮುಂಚೆ ಭಾರತದಲ್ಲಿ ಪ್ರತಿವರ್ಷ ಐದು ವರ್ಷದೊಳಗಿನ ಸುಮಾರು 78,000 ಮಕ್ಕಳು ಈ ಒಂದೇ ವೈರಸ್ಸಿನಿಂದ ಸಾಯುತ್ತಿದ್ದರು, ಸುಮಾರು 8,72,000 ಮಕ್ಕಳು ಆಸ್ಪತ್ರೆ ಸೇರುತ್ತಿದ್ದರು ಎಂದು 2014ರಲ್ಲಿ ಪ್ರಕಟವಾದ ಒಂದು ಅಂದಾಜು ಹೇಳುತ್ತದೆ. ಅಂಥ ವೈರಸ್ ನಾಲ್ಕಾರು ದಿನದ ಕೂಸಿನ ಕರುಳಲ್ಲಿ ಬೆಳೆದೂ ಏನೂ ಮಾಡದೆ ಹೊರಟುಹೋಗಿತ್ತು.

ಆ ತಳಿಗಳಲ್ಲಿ ಒಂದರ ಗುರುತು ಐ321. ದೆಹಲಿಯ ಏಮ್ಸ್ ಆಸ್ಪತ್ರೆಯ ನವಜಾತ ಶಿಶುಗಳಲ್ಲಿ 1985-86ರ ಸುಮಾರಿಗೆ ಸಿಕ್ಕ ಇನ್ನೊಂದು ತಳಿಯ ಗುರುತು 116ಇ. ಮುಂದೆ ಎರಡನ್ನೂ ಹೈದರಾಬಾದಿನ ಭಾರತ್ ಬಯೋಟೆಕ್‌ನಲ್ಲಿ ಬಾಯಿಗೆ ಹಾಕುವ ಲಸಿಕೆಯಾಗಿ ಬೆಳೆಸಿದರು. 116ಇ ಇವತ್ತು ರೋಟಾವ್ಯಾಕ್ ಆಗಿದೆ. ದೇಶದ ಲಕ್ಷಾಂತರ ಮಕ್ಕಳು ಆರು, ಹತ್ತು, ಹದಿನಾಲ್ಕನೇ ವಾರಗಳಲ್ಲಿ ಅದರ ಐದೈದು ಹನಿ ಕುಡಿಯುತ್ತಾರೆ. ಐ321ರ ಹೆಸರು ಯಾವ ಲಸಿಕೆಯ ಬಾಟಲಿಯ ಮೇಲೂ ಇಲ್ಲ. ಒಟ್ಟಿಗೆ ಹೊರಟ ಎರಡರಲ್ಲಿ ಬೆಂಗಳೂರಿನದು ಎಲ್ಲಿ ಉಳಿಯಿತು, ಏಕೆ ಉಳಿಯಿತು? ಇದನ್ನು ತಿಳಿಯಲೆಂದೇ ನಾನು ಹಳೆಯ ಸಂಪುಟಗಳಿಗೆ ಕೈಹಾಕಿದೆ.

ಒಂದು ಪ್ರಬಂಧದ ಕೊನೆಯಲ್ಲಿರುವ ಉಲ್ಲೇಖಗಳ ಪಟ್ಟಿ ಇನ್ನೊಂದು ಪ್ರಬಂಧದ ಬಾಗಿಲು. ಹಾಗೆ ಹಿಂದಕ್ಕೆ ಹೋದರೆ ಮೊದಲು ನಿಲ್ಲಬೇಕಾದ ಜಾಗ ಮೆಲ್ಬರ್ನ್. 1973ರವರೆಗೆ ಜಗತ್ತಿನ ಯಾವ ಮಕ್ಕಳ ಆಸ್ಪತ್ರೆಯ ದಾಖಲೆ ತೆಗೆದರೂ ಭೇದಿಯ ಪ್ರಕರಣಗಳಲ್ಲಿ ಬಹುಪಾಲಿಗೆ ಕಾರಣ ಪತ್ತೆಯಾಗಿರುತ್ತಿರಲಿಲ್ಲ. ಮಲವನ್ನು ಕಲ್ಚರ್‌ಗೆ ಹಾಕಿದರೆ ಕೆಲವರಲ್ಲಿ ಶಿಗೆಲ್ಲಾ, ಕೆಲವರಲ್ಲಿ ಸಾಲ್ಮೊನೆಲ್ಲಾ. ಉಳಿದವರಲ್ಲಿ ಏನೂ ಇಲ್ಲ. ನಮ್ಮ ಮನೆಗಳಲ್ಲಿ ಆ ಖಾಲಿ ಜಾಗವನ್ನು 'ಹಲ್ಲು ಬರ್ತಾ ಇದೆ', 'ದೃಷ್ಟಿ ತಾಕಿದೆ' ಎಂಬ ಮಾತು ತುಂಬುತ್ತಿತ್ತು. ಹಲ್ಲು ಬರುವ ವಯಸ್ಸೂ ಈ ವೈರಸ್ ಬಲವಾಗಿ ಕಾಡುವ ವಯಸ್ಸೂ ಒಂದೇ. ಹಾಗಾಗಿ ಅಜ್ಜಿಯರು ಕಂಡದ್ದು ಸುಳ್ಳಲ್ಲ, ಅದಕ್ಕೆ ಕೊಟ್ಟ ಕಾರಣ ಮಾತ್ರ ಬೇರೆ.

ಮೆಲ್ಬರ್ನಿನ ರಾಯಲ್ ಚಿಲ್ಡ್ರನ್ಸ್ ಆಸ್ಪತ್ರೆಯ ರೂತ್ ಬಿಷಪ್ ಮಲವನ್ನು ಬಿಟ್ಟು ಕರುಳಿನ ಗೋಡೆಯನ್ನು ನೋಡಿದರು. ತೀವ್ರ ಭೇದಿಯಿದ್ದ ಮಕ್ಕಳ ಸಣ್ಣಕರುಳಿನ ಮೇಲ್ಭಾಗದಿಂದ ತೆಗೆದ ಚೂರುಗಳನ್ನು ಜೆಫ್ರಿ ಡೇವಿಡ್‌ಸನ್, ಇಯಾನ್ ಹೋಮ್ಸ್, ಬ್ರಯಾನ್ ರಕ್ ಜೊತೆಗೂಡಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಡ್ಡಿದರು. ಒಂಬತ್ತು ಮಕ್ಕಳಲ್ಲಿ ಆರು ಮಂದಿಯ ಕರುಳ ಕೋಶಗಳಲ್ಲಿ ವೈರಸ್ ಕಣಗಳು ತುಂಬಿದ್ದವು. 1973ರ ಡಿಸೆಂಬರಿನಲ್ಲಿ 'ಲ್ಯಾನ್ಸೆಟ್' ಅದನ್ನು ಪ್ರಕಟಿಸಿತು. ಗಾಡಿಚಕ್ರದಂತೆ ಕಂಡ ಅದಕ್ಕೆ ರೋಟಾವೈರಸ್ ಎಂಬ ಹೆಸರನ್ನು ಬರ್ಮಿಂಗ್‌ಹ್ಯಾಮಿನ ಥಾಮಸ್ ಫ್ಲೆವೆಟ್ ಮುಂದಿನ ವರ್ಷ ಸೂಚಿಸಿದರು.

ಆ ದಶಕದಲ್ಲಿ ಒಂದರ ಹಿಂದೆ ಒಂದು ವೈರಸ್ ಹೊರಬಂತು. ಅಮೆರಿಕದ ಒಹಾಯೊ ರಾಜ್ಯದ ನಾರ್ವಾಕ್ ಊರಿನ ಶಾಲೆಯಲ್ಲಿ 1968ರಲ್ಲಿ ಹಬ್ಬಿದ್ದ ವಾಂತಿಭೇದಿಯ ಮಾದರಿಯಿಂದ 1972ರಲ್ಲಿ ಆಲ್ಬರ್ಟ್ ಕಪಿಕಿಯನ್ ಕಂಡದ್ದು ಈಗ ನೋರೋವೈರಸ್ ಎನಿಸಿಕೊಂಡಿದೆ. 1975ರಲ್ಲಿ ಆಸ್ಟ್ರೋವೈರಸ್ ಬಂತು. ಅಡಿನೋವೈರಸ್ಸಿನ 40 ಮತ್ತು 41ನೇ ಬಗೆಗಳು ಭೇದಿ ತರುತ್ತವೆ ಎಂಬುದು ಆಮೇಲೆ ಗೊತ್ತಾಯಿತು. ಎಲ್ಲವೂ ಮಕ್ಕಳನ್ನು ಕಾಡುತ್ತವೆ. ರೋಟಾ ಲಸಿಕೆ ಚೆನ್ನಾಗಿ ಹರಡಿದ ಅಮೆರಿಕದಂಥ ಕಡೆ ವೈದ್ಯರ ಬಳಿಗೆ ಬರುವ ಮಕ್ಕಳ ಭೇದಿಯಲ್ಲಿ ನೋರೋವೈರಸ್ಸೇ ಈಗ ಮುಂದಿದೆ. ಆದರೆ ನನ್ನ ಜಾಡು ರೋಟಾದ್ದು, ಅದರಲ್ಲೂ ನವಜಾತ ಶಿಶುಗಳ ರೋಟಾದ್ದು. ಅವನ್ನೆಲ್ಲ ಅಲ್ಲಿಗೇ ಬಿಡುತ್ತೇನೆ.

ಮೆಲ್ಬರ್ನಿಗಿಂತಲೂ ಹಿಂದೆ ಒಂದು ದಾಖಲೆ ಇದೆ, ಅದನ್ನು ಓದಿದಾಗ ನನಗೆ ನಿಜಕ್ಕೂ ಮೈ ಜುಮ್ಮೆಂದಿತು. 1943ರಲ್ಲಿ ಜೇಕಬ್ ಲೈಟ್ ಮತ್ತು ಹೊರೇಸ್ ಹೋಡ್ಸ್ ಅಮೆರಿಕದಲ್ಲಿ ನವಜಾತ ಶಿಶುಗಳ ನಡುವೆ ಹಬ್ಬಿದ ಭೇದಿಯನ್ನು ಅಭ್ಯಾಸ ಮಾಡಿದ್ದರು. ಬ್ಯಾಕ್ಟೀರಿಯ ದಾಟಲಾರದ ಸೋಸುಕದಲ್ಲಿ ಶಿಶುಗಳ ಮಲವನ್ನು ಸೋಸಿ ಕರುಗಳಿಗೆ ಕೊಟ್ಟಾಗ ಕರುಗಳಿಗೂ ಭೇದಿಯಾಯಿತು. ಕಾರಣ ಬ್ಯಾಕ್ಟೀರಿಯ ಅಲ್ಲ, ಅದಕ್ಕಿಂತ ಚಿಕ್ಕದು ಎಂದು ಅವರು ಬರೆದರು. ಅದು ಯಾವುದೆಂದು ನೋಡುವ ದಾರಿ ಆಗ ಇರಲಿಲ್ಲ. ಮಾದರಿಯನ್ನು ಮಾತ್ರ ಜೋಪಾನವಾಗಿ ಇಟ್ಟರು. ಸುಮಾರು ಮೂವತ್ತು ವರ್ಷದ ಮೇಲೆ ಅದನ್ನು ತೆಗೆದು ಪರೀಕ್ಷಿಸಿದಾಗ ಅದರಲ್ಲಿ ಇದ್ದದ್ದು ರೋಟಾವೈರಸ್. ನವಜಾತ ಶಿಶು, ಕರು, ಈ ವೈರಸ್, ಮೂರೂ ಒಂದೇ ಪುಟದಲ್ಲಿ 1943ರಲ್ಲೇ ಕೂಡಿದ್ದವು. ಬೆಂಗಳೂರಿನ ಕಥೆಯಲ್ಲಿ ಈ ಮೂರೂ ಮತ್ತೆ ಬರುತ್ತವೆ.

ಮೆಲ್ಬರ್ನಿನಿಂದ ನಮ್ಮ ಕಡೆಗೆ ದಾರಿ ತೋರಿಸಿದ್ದು ಲೇಖಕರ ಪಟ್ಟಿ. 1974ರ 'ಲ್ಯಾನ್ಸೆಟ್'ನಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಿಂದ ಒಂದು ಬರಹ ಬಂದಿದೆ. ಅದರ ಮೊದಲ ಹೆಸರು ಇಯಾನ್ ಹೋಮ್ಸ್, ವರ್ಷದ ಹಿಂದೆ ಬಿಷಪ್ ಜೊತೆಗಿದ್ದ ಅದೇ ಹೋಮ್ಸ್. ಜೊತೆಗೆ ಮಿನ್ನಿ ಮಥಾನ್ ಕಾಲದ ವೆಲ್ಲೂರಿನ ಕರುಳುರೋಗ ಸಂಶೋಧಕರ ಗುಂಪು, ಅವರಲ್ಲಿ ಪಿ. ಪಿ. ಮಯ್ಯ ಎಂಬ ಹೆಸರು. 1977ರಲ್ಲಿ ದಕ್ಷಿಣ ಭಾರತದ ಶಿಶುಗಳ ತೀವ್ರ ಭೇದಿಯ ಕಾರಣಗಳನ್ನು ಕುರಿತು ಬಂದ ಪ್ರಬಂಧದಲ್ಲಿ ಮಯ್ಯ ಮೊದಲ ಲೇಖಕ. ಅದೇ ಹೆಸರು 1992ರ ಬೆಂಗಳೂರಿನ ಪ್ರಬಂಧದಲ್ಲಿ ಮತ್ತೆ ಸಿಗುತ್ತದೆ, ಮುಂದೆ 2004ರ ಇನ್ನೊಂದರಲ್ಲೂ. ಪ್ರಯೋಗಾಲಯಕ್ಕೆ ಮಾದರಿ ತಾನಾಗಿ ನಡೆದು ಬರುವುದಿಲ್ಲ. ವಾರ್ಡಿನಲ್ಲಿ ನಿಂತು, ತಾಯಂದಿರಿಗೆ ವಿವರಿಸಿ, ಕೂಸಿನ ಬಟ್ಟೆಯಿಂದ ಮಲ ತೆಗೆದು ಸೀಸೆಯಲ್ಲಿ ಕಳಿಸುವ ವೈದ್ಯರು, ದಾದಿಯರು ಇರಬೇಕು. ಲೇಖಕರ ಪಟ್ಟಿಯ ನಡುವಿನ ಹೆಸರುಗಳನ್ನು ಹಾರಿಸಿ ಓದುವ ಅಭ್ಯಾಸವನ್ನು ನಾನು ಈ ಹುಡುಕಾಟದಲ್ಲಿ ಬಿಟ್ಟೆ.

ಇನ್ನು 1992ರ ಪ್ರಬಂಧಕ್ಕೆ ಬರೋಣ. ಅದರ ಶೀರ್ಷಿಕೆಯಲ್ಲೇ ಒಂದು ಸುಳಿವಿದೆ. ರೋಟಾವೈರಸ್ಸಿನ ಆನುವಂಶಿಕ ದ್ರವ್ಯ 11 ಬಿಡಿ ತುಣುಕುಗಳ ಎರಡೆಳೆ ಆರ್‌ಎನ್‌ಎ. ಮಲದಿಂದ ಅದನ್ನು ಬೇರ್ಪಡಿಸಿ ಜೆಲ್ ಮೇಲೆ ವಿದ್ಯುತ್ತು ಹಾಯಿಸಿ ಬೆಳ್ಳಿಯ ಲವಣದಿಂದ ಬಣ್ಣ ಬರಿಸಿದರೆ 11 ಗೆರೆಗಳು ಮೂಡುತ್ತವೆ. ಮನುಷ್ಯರಲ್ಲಿ ಹೆಚ್ಚಾಗಿ ಕಾಣುವ 'ಎ' ಗುಂಪಿನಲ್ಲಿ ಅವು ನಾಲ್ಕು, ಎರಡು, ಮೂರು, ಎರಡು ಎಂದು ಗುಂಪುಗೂಡಿ ನಿಲ್ಲುತ್ತವೆ. 1980ರ ದಶಕದಲ್ಲಿ ಈ ವಿಧಾನ ಬಂದ ಮೇಲೆ ಕೋಟಿಗಟ್ಟಲೆ ಬೆಲೆಯ ಸೂಕ್ಷ್ಮದರ್ಶಕ ಇಲ್ಲದ ಪ್ರಯೋಗಾಲಯವೂ ನೂರಾರು ಮಾದರಿ ನೋಡುವಂತಾಯಿತು. ಭಾರತದಲ್ಲಿ ರೋಟಾ ಸಂಶೋಧನೆ ಬೆಳೆದದ್ದರಲ್ಲಿ ಈ ಅಗ್ಗದ ಜೆಲ್‌ಗೆ ದೊಡ್ಡ ಪಾಲಿದೆ ಎಂದು ನನ್ನ ಎಣಿಕೆ.

ಕೊನೆಯ ಎರಡು ಗೆರೆಗಳು ಎಷ್ಟು ದೂರ ಓಡಿವೆ ಎಂಬುದರ ಮೇಲೆ ವಿನ್ಯಾಸವನ್ನು 'ಉದ್ದ', 'ಗಿಡ್ಡ' ಎಂದು ವಿಂಗಡಿಸುತ್ತಾರೆ. ವೈರಸ್ಸಿನ ಒಳಚಿಪ್ಪಿನ ಪ್ರೊಟೀನನ್ನು ನೋಡಿ ಒಂದನೇ ಉಪಗುಂಪು, ಎರಡನೇ ಉಪಗುಂಪು ಎನ್ನುತ್ತಾರೆ. ಮನುಷ್ಯರ ರೋಟಾವೈರಸ್ಸಿನಲ್ಲಿ ಸಾಮಾನ್ಯವಾಗಿ ಒಂದನೇ ಉಪಗುಂಪಿನದು ಗಿಡ್ಡ ವಿನ್ಯಾಸ, ಎರಡನೆಯದರದು ಉದ್ದ. ಶೀರ್ಷಿಕೆಯ ಸುಳಿವು ಇದೇ: ಬೆಂಗಳೂರಿನ ಕೂಸುಗಳ ವೈರಸ್ ಒಂದನೇ ಉಪಗುಂಪಿಗೆ ಸೇರಿದ್ದೂ ಉದ್ದ ವಿನ್ಯಾಸ ತೋರಿಸಿತ್ತು. ಆ ಜೋಡಿ ಪ್ರಾಣಿಗಳ, ಅದರಲ್ಲೂ ದನಗಳ ರೋಟಾವೈರಸ್ಸಿನ ಲಕ್ಷಣ.

ಅನುಮಾನ ಒಂದೇ ವರ್ಷದಲ್ಲಿ ನಿಜವಾಯಿತು. 1993ರಲ್ಲಿ 'ವೈರಾಲಜಿ' ಪತ್ರಿಕೆಯಲ್ಲಿ ದುರ್ಗಾ ರಾವ್ ಅವರ ಗುಂಪು, ಅಮೆರಿಕದ ಹ್ಯಾರಿ ಗ್ರೀನ್‌ಬರ್ಗ್ ಮೊದಲಾದವರ ಜೊತೆಗೂಡಿ, ಐ321ರ ಹೊರಮೈಯ ಎರಡು ಪ್ರೊಟೀನುಗಳ ಜೀನುಗಳನ್ನು ಓದಿ ಬರೆದಿದೆ. ಎರಡೂ ದನದ ರೋಟಾವೈರಸ್ಸಿನ ಹತ್ತನೇ ಸೀರೋಟೈಪಿನವಕ್ಕೆ ಅತಿ ಸಮೀಪ. ಇವತ್ತಿನ ವರ್ಗೀಕರಣದಲ್ಲಿ ಅದು ಜಿ10ಪಿ11; ಜಿ, ಪಿ ಎಂಬವು ಆ ಎರಡು ಪ್ರೊಟೀನುಗಳ ಬಗೆಯ ಗುರುತು. ಮುಂದೆ ಎಲ್ಲ ತುಣುಕುಗಳನ್ನೂ ನೋಡಿದಾಗ ಹನ್ನೊಂದರಲ್ಲಿ ಒಂಬತ್ತು ದನದವು, ಎರಡು ಮಾತ್ರ ಮನುಷ್ಯ ವೈರಸ್ಸಿನವು. ಎರಡು ರೋಟಾವೈರಸ್ ಒಂದೇ ಕೋಶಕ್ಕೆ ಹೊಕ್ಕರೆ ಎರಡು ಕಟ್ಟು ಇಸ್ಪೀಟೆಲೆ ಕಲಸಿ ಹಂಚಿದಂತೆ ತುಣುಕುಗಳು ಬೆರೆತುಹೋಗುತ್ತವೆ. ಯಾವುದೋ ಹೊತ್ತಿನಲ್ಲಿ, ದನದ ವೈರಸ್ಸೂ ಮನುಷ್ಯರ ವೈರಸ್ಸೂ ಒಂದೇ ಕರುಳಿನಲ್ಲಿ ಕೂಡಿದ್ದರಿಂದ ಐ321 ಹುಟ್ಟಿದೆ.

ಇದು ಬೆಂಗಳೂರಿನ ಆಸ್ಪತ್ರೆಗಳಲ್ಲಿ ನಡೆದ ಒಂಟಿ ಆಕಸ್ಮಿಕವೇ? ಅಲ್ಲ ಎಂದು ಎರಡು ದಾಖಲೆಗಳು ಹೇಳುತ್ತವೆ. 1999ರಲ್ಲಿ ಭಾರತದ ಭೇದಿಪೀಡಿತ ಆಕಳು, ಎಮ್ಮೆ ಕರುಗಳ ಮಾದರಿಗಳನ್ನು ಪರೀಕ್ಷಿಸಿದವರು ಜಿ10ಪಿ11 ಬಗೆಯೇ ಮುಂದಿದೆ ಎಂದು ಬರೆದಿದ್ದಾರೆ. ಅಂದರೆ ನಮ್ಮ ಕೊಟ್ಟಿಗೆಗಳಲ್ಲಿ ಅದು ದಿನನಿತ್ಯದ ವೈರಸ್. ಎರಡನೆಯದು 2000ದಲ್ಲಿ ದುರ್ಗಾ ರಾವ್ ಗುಂಪಿನದೇ, ಮೈಸೂರಿನಿಂದ. ಎಂಪಿ409, ಎಂಪಿ480 ಎಂಬ ಎರಡು ತಳಿಗಳಲ್ಲೂ ಅದೇ ಅಪರೂಪದ ಜೋಡಿ, ಒಂದನೇ ಉಪಗುಂಪು ಮತ್ತು ಉದ್ದ ವಿನ್ಯಾಸ. ಆದರೆ ಇವು ಜಿ8 ಬಗೆಯ ಬೇರೊಂದು ದನದ ವೈರಸ್ಸಿಗೆ ಹತ್ತಿರದವು, ಸಿಕ್ಕಿದ್ದು ಭೇದಿಯಿದ್ದ ಮಕ್ಕಳಲ್ಲಿ. ದನದ ವೈರಸ್ ಮನುಷ್ಯರ ಕೂಸಿಗೆ ಬಂದ ಮಾತ್ರಕ್ಕೆ ಮೆತ್ತಗಾಗುತ್ತದೆ ಎಂದು ತೀರ್ಮಾನಿಸುವಂತಿಲ್ಲ. ಬೆಂಗಳೂರಿನದು ಸುಮ್ಮನಿತ್ತು, ಮೈಸೂರಿನದು ಸುಮ್ಮನಿರಲಿಲ್ಲ.

ಸುಮ್ಮನಿರುವ ವೈರಸ್ಸಿನಿಂದ ಏನು ಪ್ರಯೋಜನ ಎಂಬುದಕ್ಕೆ ಉತ್ತರ ಮತ್ತೆ ಮೆಲ್ಬರ್ನಿನಿಂದಲೇ ಬಂದಿತ್ತು. 1983ರಲ್ಲಿ ಬಿಷಪ್ ಮತ್ತು ಸಂಗಡಿಗರು 81 ಮಕ್ಕಳನ್ನು ಹುಟ್ಟಿದಂದಿನಿಂದ ಮೂರು ವರ್ಷ ಬೆನ್ನುಹತ್ತಿ ನೋಡಿದ ವರದಿ 'ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್'ನಲ್ಲಿದೆ. ನವಜಾತ ಸ್ಥಿತಿಯಲ್ಲಿ ರೋಟಾ ತಗುಲಿದ್ದ 44 ಮಕ್ಕಳು, ತಗುಲದ 37 ಮಕ್ಕಳು. ಮುಂದೆ ಎರಡೂ ಗುಂಪಿಗೆ ವೈರಸ್ ಮತ್ತೆ ತಗುಲಿತು, ಆದರೆ ಮೊದಲ ಗುಂಪಿನವರಿಗೆ ತೀವ್ರ ಕಾಯಿಲೆ ಬರಲಿಲ್ಲ. ದೆಹಲಿಯಲ್ಲಿ ಮಹಾರಾಜ್ ಕಿಶನ್ ಭಾನ್ ಅವರ ಗುಂಪು ಏಮ್ಸ್‌ನ ಕೂಸುಗಳಲ್ಲಿ ಇದೇ ಬಗೆಯ ರಕ್ಷಣೆಯನ್ನು ಕಂಡು 1993ರಲ್ಲಿ ವರದಿ ಮಾಡಿತು. ಪ್ರಕೃತಿಯೇ ದುರ್ಬಲಗೊಳಿಸಿದ ವೈರಸ್ಸನ್ನು ಮಕ್ಕಳಿಗೆ ಲಸಿಕೆಯಾಗಿ ಕೊಟ್ಟರೆ ಹೇಗೆ? 116ಇ, ಐ321 ಎರಡರ ಹಿಂದೆಯೂ ಇದ್ದದ್ದು ಈ ಪ್ರಶ್ನೆ. 1987ರಲ್ಲಿ ಶುರುವಾದ ಭಾರತ-ಅಮೆರಿಕ ಲಸಿಕಾ ಕಾರ್ಯಕ್ರಮ ಇದಕ್ಕೆ ಬೆನ್ನೆಲುಬಾಯಿತು.

ಇಲ್ಲಿ ಬೆಂಗಳೂರಿನ ಎರಡನೇ ಮುಖ್ಯ ದಾಖಲೆ ಬರುತ್ತದೆ. 2004ರ 'ಜರ್ನಲ್ ಆಫ್ ಇನ್ಫೆಕ್ಷಿಯಸ್ ಡಿಸೀಸಸ್'ನಲ್ಲಿ ಪ್ರಕಟವಾದದ್ದು. 1988ರಿಂದ 1999ರ ನಡುವೆ ಬೆಂಗಳೂರಿನಲ್ಲಿ ರೋಟಾ ಭೇದಿಗೆ ಆಸ್ಪತ್ರೆ ಸೇರುವ ಮಕ್ಕಳ ಪ್ರಮಾಣ ಇಳಿದಿದೆ ಎಂದು ಅದು ತೋರಿಸುತ್ತದೆ. ಆಗ ನಮ್ಮಲ್ಲಿ ಲಸಿಕೆ ಇರಲಿಲ್ಲ. ನವಜಾತ ಶಿಶುಗಳಲ್ಲಿ ಸದ್ದಿಲ್ಲದೆ ಹರಡುತ್ತಿದ್ದ ಐ321 ಮುಂದಿನ ಕಾಯಿಲೆಯನ್ನು ತಡೆದಿರಬಹುದು ಎಂದು ಲೇಖಕರು ಸೂಚಿಸಿದರು, ಇರಬಹುದು ಎಂದಷ್ಟೇ. ಆ ಪ್ರಬಂಧ ಓದಿದಾಗ ಯಾರಿಗಾದರೂ ಎದೆ ಉಬ್ಬುತ್ತದೆ. ಹನ್ನೆರಡು ವರ್ಷದ ಆಸ್ಪತ್ರೆ ದಾಖಲೆ, ಒಂದು ನಗರ, ತಾನಾಗಿ ಹಂಚಿಕೊಂಡ ಒಂದು ಲಸಿಕೆ. ಕಥೆ ಅಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಅದೇ 2004ರಲ್ಲಿ ವೆಲ್ಲೂರಿನಿಂದ ಬೇರೆ ಸುದ್ದಿ ಬಂದಿದೆ. ಗಗನ್‌ದೀಪ್ ಕಾಂಗ್ ಅವರ ಗುಂಪು, ಬ್ರಿಟನ್ನಿನ ಮಿರೆನ್ ಇತುರ್ರಿಸಾ ಗೋಮರಾ ಜೊತೆಗೆ ಬರೆದ ಪ್ರಬಂಧ. ವೆಲ್ಲೂರಿನ ನವಜಾತ ಶಿಶುಗಳಲ್ಲೂ ಜಿ10ಪಿ11 ಇದೆ. ಆದರೆ ಅಲ್ಲಿ ಅದು ಕೂಸುಗಳಿಗೆ ಕಾಯಿಲೆ ತರುತ್ತಿದೆ. ಬೆಂಗಳೂರಿಗೂ ವೆಲ್ಲೂರಿಗೂ ಇರುವ ದೂರ ಸುಮಾರು ಇನ್ನೂರು ಕಿಲೋಮೀಟರ್. ಒಂದೇ ಹೊರಮೈಯ ವೈರಸ್ ಅಲ್ಲಿ ಒಂದು ಬಗೆ, ಇಲ್ಲಿ ಇನ್ನೊಂದು ಬಗೆ.

ಹೊರಮೈ ಒಂದೇ ಇದ್ದರೂ ಒಳಗು ಬೇರೆಯಿತ್ತು ಎಂಬುದನ್ನು ಆ ಪ್ರಬಂಧವೇ ತೋರಿಸುತ್ತದೆ. ವೆಲ್ಲೂರಿನ ತಳಿಯ ಒಳಚಿಪ್ಪಿನ ಪ್ರೊಟೀನ್ ಮನುಷ್ಯ ವೈರಸ್ಸಿನದು, ಐ321ರದು ದನದ್ದು. ಕರುಳಿನಲ್ಲಿ ವಿಷದಂತೆ ಕೆಲಸ ಮಾಡುವ ಎನ್‌ಎಸ್‌ಪಿ4 ಪ್ರೊಟೀನ್ ಕೂಡ ವೆಲ್ಲೂರಿನದರಲ್ಲಿ ಮನುಷ್ಯ ವೈರಸ್ಸಿನದೇ. ಹಾಗಾದರೆ ವ್ಯತ್ಯಾಸ ಇಲ್ಲೇ ಇದೆ, ಒಗಟು ಬಿಡಿಸಿದಂತೆಯೇ ಎಂದು ನನಗನಿಸಿತು. ಆದರೆ ವೆಲ್ಲೂರಿನೊಳಗೇ ಕೆಲವು ಕೂಸುಗಳಿಗೆ ಕಾಯಿಲೆ ಬಂದಿತ್ತು, ಕೆಲವಕ್ಕೆ ಬಂದಿರಲಿಲ್ಲ. 2014ರ 'ಜರ್ನಲ್ ಆಫ್ ವೈರಾಲಜಿ'ಯ ಒಂದು ಪ್ರಬಂಧ ಆ ಎರಡೂ ಬಗೆಯ ಕೂಸುಗಳಿಂದ ತೆಗೆದ ವೈರಸ್ಸುಗಳ ಜೀನುಗಳನ್ನು ಹೋಲಿಸಿ ನೋಡಿತು. ವ್ಯತ್ಯಾಸವಿಲ್ಲ. ಅದೇ ವೈರಸ್ ಒಂದು ತೊಟ್ಟಿಲಲ್ಲಿ ಭೇದಿ, ಪಕ್ಕದ ತೊಟ್ಟಿಲಲ್ಲಿ ಏನೂ ಇಲ್ಲ. ಕಾರಣವನ್ನು ವೈರಸ್ಸಿನ ಆಚೆಗೂ ಹುಡುಕಬೇಕಾಗಿತ್ತು.

ಆ ಹುಡುಕಾಟಕ್ಕೆ ಮುಂಚೆ ಲಸಿಕೆಯ ಕಥೆ ಮುಗಿಸುತ್ತೇನೆ. ನಾನು ಹುಡುಕುತ್ತಿದ್ದ ನೇರ ಉತ್ತರ 2006ರ 'ವ್ಯಾಕ್ಸಿನ್' ಪತ್ರಿಕೆಯಲ್ಲಿದೆ. ದೆಹಲಿಯಲ್ಲಿ ಎಂಟು ವಾರದ 90 ಶಿಶುಗಳನ್ನು ಮೂರು ಗುಂಪು ಮಾಡಿ ಒಂದಕ್ಕೆ 116ಇ, ಒಂದಕ್ಕೆ ಐ321, ಒಂದಕ್ಕೆ ಔಷಧವಿಲ್ಲದ ದ್ರವ ಕೊಟ್ಟಿದ್ದರು. ಒಂದೊಂದೇ ಡೋಸು. ಎರಡೂ ಲಸಿಕೆಗಳು ಮಕ್ಕಳಿಗೆ ತೊಂದರೆ ಕೊಡಲಿಲ್ಲ. ರಕ್ತದಲ್ಲಿ ರೋಟಾ ವಿರುದ್ಧದ ಪ್ರತಿಕಾಯ ನಾಲ್ಕು ಪಟ್ಟು ಏರಿದ ಮಕ್ಕಳ ಪ್ರಮಾಣ 116ಇ ಗುಂಪಿನಲ್ಲಿ ಶೇ. 73. ಐ321 ಗುಂಪಿನಲ್ಲಿ ಶೇ. 39. ಲಸಿಕೆ ಕೊಡದ ಗುಂಪಿನಲ್ಲೂ, ಸುತ್ತಮುತ್ತಲ ಸೋಂಕಿನಿಂದ, ಶೇ. 20. ಬೆಂಗಳೂರಿನ ತಳಿಯ ಲಸಿಕೆಯ ಹಾದಿ ಈ ಮೂರು ಅಂಕಿಗಳಲ್ಲಿ ಮುಗಿಯಿತು. 116ಇ ಮುಂದೆ ಹೋಯಿತು. ದೆಹಲಿ, ಪುಣೆ, ವೆಲ್ಲೂರುಗಳ 6,799 ಶಿಶುಗಳಲ್ಲಿ ನಡೆದ ಪರೀಕ್ಷೆಯಲ್ಲಿ ತೀವ್ರ ರೋಟಾ ಭೇದಿಯನ್ನು ಅದು ಶೇ. 53.6ರಷ್ಟು ತಡೆಯಿತು. 2016ರಲ್ಲಿ ನಾಲ್ಕು ರಾಜ್ಯಗಳ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮಕ್ಕೆ ಸೇರಿತು, 2019ರ ಹೊತ್ತಿಗೆ ರೋಟಾ ಲಸಿಕೆ ಕರ್ನಾಟಕವೂ ಸೇರಿದಂತೆ ದೇಶಕ್ಕೆಲ್ಲ ಹರಡಿತು.

'ವ್ಯಾಕ್ಸಿನ್' ಪ್ರಬಂಧದ ಮರುವರ್ಷ, 2007ರಲ್ಲಿ, ವೆಲ್ಲೂರಿನಿಂದ ಬಂದ ವರದಿ 2004ರ ಬೆಂಗಳೂರಿನ ಆಸೆಗೆ ನೇರ ಎದುರಾಗಿ ನಿಂತಿತು. ವೆಲ್ಲೂರಿನ ಕೊಳೆಗೇರಿಗಳಲ್ಲಿ ಮಕ್ಕಳನ್ನು ಹುಟ್ಟಿನಿಂದ ಮೂರು ವರ್ಷ ಬೆನ್ನುಹತ್ತಿದ ಅಧ್ಯಯನವೊಂದಿದೆ. 452 ಕೂಸುಗಳನ್ನು ಸೇರಿಸಿಕೊಂಡಿದ್ದರು, 373 ಮಕ್ಕಳು ಮೂರು ವರ್ಷ ಪೂರೈಸಿದರು. ಭೇದಿ ಇರಲಿ, ಇಲ್ಲದಿರಲಿ, ಎರಡು ವಾರಕ್ಕೊಮ್ಮೆ ಮಲದ ಮಾದರಿ ತೆಗೆದರು. ನವಜಾತ ಸ್ಥಿತಿಯಲ್ಲಿ ಜಿ10ಪಿ11 ತಗುಲಿದ್ದ ಮಕ್ಕಳಿಗೆ ಮುಂದಿನ ರೋಟಾ ಸೋಂಕಿನಿಂದ ರಕ್ಷಣೆ ಸಿಕ್ಕಿರಲಿಲ್ಲ.

ಎರಡರಲ್ಲಿ ಯಾವುದನ್ನು ನಂಬುವುದು? ನಾನು ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಬೆಂಗಳೂರಿನದು ಆಸ್ಪತ್ರೆಗೆ ಬಂದವರ ಲೆಕ್ಕ. ಹನ್ನೆರಡು ವರ್ಷದಲ್ಲಿ ಒಂದು ನಗರದಲ್ಲಿ ಏನೆಲ್ಲ ಬದಲಾಗುತ್ತದೆ. ಕುಡಿಯುವ ನೀರು ಬದಲಾಗುತ್ತದೆ, ಓಆರ್‌ಎಸ್ ಪೊಟ್ಟಣ ಮನೆಮನೆಗೆ ಮುಟ್ಟುತ್ತದೆ, ಸಣ್ಣ ನರ್ಸಿಂಗ್ ಹೋಮುಗಳು ಹೆಚ್ಚಿ ದೊಡ್ಡ ಆಸ್ಪತ್ರೆಗೆ ಬರುವ ಮಕ್ಕಳ ಬಗೆಯೇ ಬೇರೆಯಾಗುತ್ತದೆ. ಇಳಿಕೆ ನಿಜವಾಗಿದ್ದರೂ ಅದನ್ನು ಐ321ರ ಲೆಕ್ಕಕ್ಕೆ ಬರೆಯಲು ಆ ಬಗೆಯ ದಾಖಲೆ ಸಾಲದು. ವೆಲ್ಲೂರಿನವರು ಒಂದೊಂದು ಮಗುವನ್ನೂ ಅದರ ಹೆಸರಿನಲ್ಲೇ ಹಿಂಬಾಲಿಸಿದ್ದರು. ಆದ್ದರಿಂದ ರಕ್ಷಣೆಯ ಪ್ರಶ್ನೆಯಲ್ಲಿ ನಾನು ವೆಲ್ಲೂರಿನ ಕಡೆಗೆ ವಾಲುತ್ತೇನೆ. ಹಾಗೆಂದು ಬೆಂಗಳೂರಿನ ಪ್ರಬಂಧವನ್ನು ಬದಿಗೆ ಸರಿಸಲಾರೆ. ವೆಲ್ಲೂರಿನ ತಳಿ ಐ321ರ ತದ್ರೂಪಲ್ಲ ಎಂಬುದನ್ನು ಮೇಲೆಯೇ ಹೇಳಿದೆ. ಪೂರ್ತಿ ಒಂದೇ ಅಲ್ಲದ ಎರಡು ವೈರಸ್ಸುಗಳ ಬಗ್ಗೆ ಒಂದೇ ತೀರ್ಪು ಕೊಡುವುದು ಸರಿಯಲ್ಲ.

ಐ321 ಲಸಿಕೆಯಾಗಿ ಏಕೆ ಸೋತಿತು ಎಂಬುದಕ್ಕೆ ನನಗೆ ಕಾಣುವ ಕಾರಣ ಅದರ ಜೀನುಗಳಲ್ಲೇ ಇದೆ. 116ಇಯ ಹನ್ನೊಂದು ತುಣುಕಿನಲ್ಲಿ ಹತ್ತು ಮನುಷ್ಯ ವೈರಸ್ಸಿನವು, ಒಂದು ಮಾತ್ರ ದನದ್ದು. ಐ321ರಲ್ಲಿ ಒಂಬತ್ತು ದನದವು. ದನದ ಒಂದೇ ತುಣುಕನ್ನು ಹೊತ್ತ ವೈರಸ್ ಎಂಟು ವಾರದ ಮಗುವಿನ ಕರುಳಲ್ಲಿ ಬೆಳೆದು ದೇಹವನ್ನು ಎಚ್ಚರಿಸಿತು, ಬಹುಪಾಲು ದನದ್ದೇ ಆದ ವೈರಸ್ ಅಷ್ಟು ಬೆಳೆಯಲಾರದೆ ಹೋಯಿತು ಎಂದು ಊಹಿಸುವುದು ಸಹಜ. ಕೂಸಿನಲ್ಲಿ ಬೆಳೆದ ವೈರಸ್ ಎರಡು ತಿಂಗಳ ಮಗುವಿನಲ್ಲಿ ಏಕೆ ತಡವರಿಸಬೇಕು ಎಂಬ ಪ್ರಶ್ನೆ ಉಳಿಯುತ್ತದಲ್ಲ, ಅದಕ್ಕೆ ಒಂದು ಬೆಳಕಿಂಡಿ 2015ರಲ್ಲಿ ತೆರೆಯಿತು.

ರೋಟಾವೈರಸ್ ಕರುಳ ಕೋಶಕ್ಕೆ ಅಂಟಿಕೊಳ್ಳುವುದು ಕೋಶದ ಮೈಮೇಲಿರುವ ಸಕ್ಕರೆಯ ಸರಪಳಿಗಳನ್ನು ಹಿಡಿದು. ಪಿ11 ಬಗೆಯ ವೈರಸ್ ಹಿಡಿಯುವುದು ಆ ಸರಪಳಿಗಳ ಮೊಳಕೆಯನ್ನು, ಅಂದರೆ ಇನ್ನೂ ಕೊನೆಯ ಕೊಂಡಿ ಸೇರದ ಎಳೆಯ ರೂಪವನ್ನು. ನವಜಾತ ಶಿಶುವಿನ ಕರುಳಿನಲ್ಲಿ ಅಂಥವು ಹೇರಳ, ಮಗು ಬೆಳೆದಂತೆ ಅವುಗಳ ಮೇಲೆ ಬೇರೆ ಸಕ್ಕರೆಗಳು ಕೂರುತ್ತವೆ. 'ನೇಚರ್ ಕಮ್ಯುನಿಕೇಷನ್ಸ್' ಪತ್ರಿಕೆಯ 2015ರ ಪ್ರಬಂಧ ವೆಲ್ಲೂರಿನ ನವಜಾತ ಶಿಶುವಿನ ಎನ್155 ತಳಿಯನ್ನೂ ದನದ ಬಿ223 ತಳಿಯನ್ನೂ ಹೋಲಿಸಿದೆ. ದನದ್ದು ಒಂದೇ ಬಗೆಯ ಎಳೆ ಸರಪಳಿಯನ್ನು ಹಿಡಿಯುತ್ತದೆ. ಕೂಸಿನದು ಎರಡು ಬಗೆಯನ್ನೂ ಹಿಡಿಯುತ್ತದೆ, ಆ ಎರಡನೆಯ ಬಗೆ ತಾಯಿಯ ಹಾಲಿನಲ್ಲಿ ತುಂಬಿರುವಂಥದು. ಕೆಲವೇ ಕೊಂಡಿಗಳ ಬದಲಾವಣೆಯಿಂದ ಕೊಟ್ಟಿಗೆಯ ವೈರಸ್ ತೊಟ್ಟಿಲಿಗೆ ಒಗ್ಗಿಕೊಂಡಿತ್ತು. 116ಇ ಕೂಡ ಪಿ11 ಬಗೆಯದೇ. ಆದ್ದರಿಂದ ಎರಡು ಲಸಿಕೆಗಳ ನಡುವಿನ ಸೋಲು ಗೆಲುವನ್ನು ಈ ಸಕ್ಕರೆಯೊಂದರಿಂದಲೇ ವಿವರಿಸಲು ಬರುವುದಿಲ್ಲ. ನವಜಾತ ಶಿಶುಗಳನ್ನೇ ಈ ವೈರಸ್ ಏಕೆ ಹುಡುಕಿಕೊಂಡು ಹೋಗುತ್ತದೆ ಎಂಬುದನ್ನು ಮಾತ್ರ ಅದು ಬಿಡಿಸಿ ಹೇಳುತ್ತದೆ.

ಪಕ್ಕಪಕ್ಕದ ತೊಟ್ಟಿಲುಗಳ ಒಗಟಿಗೆ ಉತ್ತರ ಹುಡುಕಿದ್ದು 2018ರಲ್ಲಿ. ಶಶಿರೇಖಾ ರಮಣಿ ಮತ್ತು ಸಂಗಡಿಗರು ವೆಲ್ಲೂರಿನ ತಾಯಂದಿರ ಹಾಲನ್ನೇ ಪರೀಕ್ಷೆಗೆ ಒಡ್ಡಿದರು. ವೈರಸ್ ತಗುಲಿ ಕಾಯಿಲೆಯೂ ಬಂದ ಕೂಸುಗಳ ತಾಯಂದಿರ ಹಾಲಿನಲ್ಲಿ ಕೆಲವು ನಿರ್ದಿಷ್ಟ ಸಕ್ಕರೆಗಳು ಹೆಚ್ಚಾಗಿದ್ದವು. ಆ ಸಕ್ಕರೆಗಳ ಜೊತೆಜೊತೆಗೆ ಹಾಲಿನಲ್ಲಿ, ಕೂಸಿನ ಮಲದಲ್ಲಿ ಕೆಲವು ಬ್ಯಾಕ್ಟೀರಿಯಗಳೂ ಹೆಚ್ಚಾಗಿದ್ದವು. ತಾಯಿಯ ಹಾಲಿನ ಸಕ್ಕರೆ ವೈರಸ್ಸಿಗೆ ಸುಳ್ಳು ಕೊಂಡಿಯಾಗಿ ಅದನ್ನು ತಡೆಯುತ್ತದೆ ಎಂಬ ಹಳೆಯ ನಿರೀಕ್ಷೆ ಈ ವೈರಸ್ಸಿನ ಮಟ್ಟಿಗೆ ನಿಲ್ಲಲಿಲ್ಲ. ಇನ್ನೂ ಒಂದು ಸಂಗತಿ ಸಿಕ್ಕಿತು. ನವಜಾತ ಶಿಶುವಿನ ತಳಿಯಿಂದ ಮಾಡಿದ ಲಸಿಕೆಯ ವೈರಸ್ ಇದೇ ಬಗೆಯ ಕೆಲವು ಸಕ್ಕರೆಗಳ ಜೊತೆಯಲ್ಲಿ ಕೋಶಗಳಿಗೆ ಇನ್ನಷ್ಟು ಚೆನ್ನಾಗಿ ಹೊಕ್ಕಿತು. ಸೋಂಕು ಕೊಡುವ ರಕ್ಷಣೆಯೂ ಎಲ್ಲ ಕಡೆ ಒಂದೇ ಅಲ್ಲ. ಮೆಕ್ಸಿಕೋದ 200 ಮಕ್ಕಳ ಅಧ್ಯಯನದಲ್ಲಿ ಎರಡು ಸಲ ಸೋಂಕು ತಗುಲಿದ ಮೇಲೆ ಯಾರಿಗೂ ತೀವ್ರ ಭೇದಿ ಬಂದಿರಲಿಲ್ಲ. ವೆಲ್ಲೂರಿನಲ್ಲಿ ಮೂರು ಸಲ ತಗುಲಿದ ಮೇಲೂ ರಕ್ಷಣೆ ಶೇ. 79ರಷ್ಟೇ. ನಮ್ಮ ಮಕ್ಕಳಲ್ಲಿ ರೋಟಾ ಲಸಿಕೆಗಳು ಯುರೋಪಿನಷ್ಟು ಫಲ ಕೊಡದಿರುವುದರ ಒಂದು ಬೇರು ಇಂಥ ಕಡೆ, ಕರುಳಿನ ಮೊದಲ ವಾರಗಳಲ್ಲಿ ಇರಬಹುದು ಎಂದು ನಾನು ನಂಬುತ್ತೇನೆ.

ಹಾಲಿನ ಮಾತು ಬಂದದ್ದರಿಂದ ಒಂದನ್ನು ಬಿಡಿಸಿ ಹೇಳಬೇಕು, ಇದನ್ನು ಓದುವ ಬಾಣಂತಿಯೊಬ್ಬಳು ಹೆದರಬಾರದು. ಲಸಿಕೆ ಹಾಕುವ ಹೊತ್ತಿಗೆ ಎದೆಹಾಲು ಕೊಡದಿದ್ದರೆ ಲಸಿಕೆ ಹೆಚ್ಚು ಹತ್ತುತ್ತದೆಯೇ ಎಂದು ದೆಹಲಿಯಲ್ಲಿ ಪರೀಕ್ಷೆ ಮಾಡಿ ನೋಡಿ 2014ರಲ್ಲಿ ವರದಿ ಮಾಡಿದ್ದಾರೆ. ಕೊಟ್ಟವರಿಗೂ ತಡೆದವರಿಗೂ ಏನೂ ವ್ಯತ್ಯಾಸ ಕಾಣಲಿಲ್ಲ. ಆದ್ದರಿಂದ ಆರನೇ ವಾರದಲ್ಲಿ ಹನಿ ಹಾಕಿಸುವ ಮುಂಚೆಯೂ ಹಾಲು ಕೊಡಬಹುದು, ಹಾಕಿಸಿದ ಮೇಲೂ ಕೊಡಬಹುದು. ಮಗುವಿಗೆ ಭೇದಿಯಾದಾಗಲೂ ಹಾಲು ನಿಲ್ಲಿಸಬಾರದು, ಜೊತೆಗೆ ಓಆರ್‌ಎಸ್ ಕುಡಿಸುತ್ತಿರಬೇಕು.